ಸಂಜೆ ಐದರಿಂದ ಏಳೂವರೆ ತನಕ ಆ ಪಂಚಾಯಿತಿ ಲೈಬ್ರರಿ ಬೀಗ ಒಂದು ತೆಗೀರಿ ಸ್ವಾಮಿ: ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ದೊಡ್ಡೋರಿಗೆ, ದಿನಾ ಹೋಮ್‌ವರ್ಕ್ ಕೊಡೋ ನಮ್ಮ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಟೀಚರ್ ಅಲ್ಲ. ಬಿ.ಕಾಂ ಮುಗಿಸ್ಕಂಡು ಶಿವಮೊಗ್ಗದ ಒಂದು ಅಡಿಕೆ ಮಂಡಿಲಿ ಹನ್ನೊಂದು ವರ್ಷ ಲೆಕ್ಕ ಬರ್ದು, ಆಮೇಲೆ ಅತ್ತೆಗೆ ಹುಷಾರಿಲ್ಲ ಅಂತ ಹೊಸನಗರ ತಾಲೂಕಿನ ನಮ್ಮೂರಿಗೆ ವಾಪಸ್ ಬಂದೋಳು. ಈಗ ತೋಟ, ಕೊಟ್ಟಿಗೆ, ಅಡುಗೆ ಇಷ್ಟೇ. ಇದ್ರ ಮಧ್ಯೆ ಸಂಜೆ ಆದ್ರೆ ನಮ್ಮನೆ ಜಗಲಿಗೆ ಮಕ್ಳು ಬಂದು ಕೂರ್ತಾವೆ, ಹೋಮ್‌ವರ್ಕ್ ಹಿಡ್ಕಂಡು. ಶುರುವಾಗಿದ್ದು ಪಕ್ಕದ ಮನೆ ಹುಡುಗಿ ಒಬ್ಳಿಂದ, ಶೇಕಡಾ ಲೆಕ್ಕ ಬರಲ್ಲ ಅಂತ ಅತ್ಕಂಡು ಬಂದಿತ್ತು ಪಾಪ, ಅದಕ್ಕೆ ಹೇಳ್ಕೊಟ್ಟೆ, ಅದು ತನ್ನ ತಮ್ಮನ್ನ ಕರ್ಕಂಡು ಬಂತು, ತಮ್ಮ ತನ್ನ ಫ್ರೆಂಡ್ಸ್‌ನ ಕರ್ಕಂಡು ಬಂದ, ಈಗ ಒಂದೊಂದ್ ದಿನ ಹದಿನಾಲ್ಕು ಜನ ಆಗ್ತಾರೆ, ಚಪ್ಲಿ ಬಿಡೋಕೇ ಜಾಗ ಇರಲ್ಲ. ಫೀಸು ಗೀಸು ಎಂತದೂ ಇಲ್ಲ. ಯಾರಾದ್ರೂ ಮನೇಲಿ ಹಲಸಿನ ಹಪ್ಪಳ ಮಾಡಿದ್ರೆ ನಾಲ್ಕು ಕಟ್ಟಿ ಕಳಿಸ್ತಾರೆ, ಅದನ್ನ ಬೇಡ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ.

ಈ ಪತ್ರ ಯಾಕೆ ಅಂದ್ರೆ, ಐದಾರು ವರ್ಷ ಜಗಲಿ ಮೇಲೆ ಕೂತು ನೋಡಿದ್ದರಲ್ಲಿ ನನಗೊಂದು ವಿಷ್ಯ ಗೊತ್ತಾಗಿದೆ, ಅದನ್ನ ಆಫೀಸಲ್ಲಿ ಕೂತೋರಿಗೆ ಹೇಳ್ಬೇಕು ಅನ್ನಿಸ್ತು. ನಮ್ಮ ಮಕ್ಳಿಗೆ ಉತ್ತರದ ಬರ ಇಲ್ಲ. ಉತ್ತರ ಗೈಡಲ್ಲಿದೆ, ಮೊಬೈಲಲ್ಲಿದೆ, ಅಕ್ಕನ ಹಳೇ ನೋಟ್ಸಲ್ಲಿದೆ. ಇಲ್ದೇ ಇರೋದು ಅಂದ್ರೆ ಪಕ್ಕದಲ್ಲಿ ಕೂತ್ಕಂಡು ‘ಹೌದಾ? ಯಾಕೆ? ಇನ್ನೊಂದ್ಸಲ ಹೇಳು ನೋಡೋಣ’ ಅನ್ನೋ ಒಂದು ಜನ.

ಇದು ನನಗೆ ಗೊತ್ತಾಗಿದ್ದು ನಂದೇ ತಪ್ಪಿಂದ. ಆ ವರ್ಷ ನವೆಂಬರ್ ತಿಂಗ್ಳು, ಅಡಿಕೆ ಸುಲಿಯೋ ಟೈಮು, ಹಿತ್ಲಲ್ಲಿ ಹಂಡೆ ಮೇಲೆ ಅಡಿಕೆ ಬೇಯ್ತಾ ಇದೆ, ಸುಲಿಯೋಕೆ ಬಂದೋರಿಗೆ ಕಾಫಿ ಆಗ್ಬೇಕು, ಅದ್ರಲ್ಲಿ ನಾಲ್ಕು ಮಕ್ಳು ಬಂದು ‘ಅಕ್ಕ, ಚೆನ್ನಮ್ಮನ ಬಗ್ಗೆ ಟಿಪ್ಪಣಿ ಬರೀಬೇಕು’ ಅಂದ್ವು. ನಾನು ಹಂಡೆ ಹತ್ರಾನೇ ನಿಂತ್ಕಂಡು ಬರ್ಕಳಿ ಅಂತ ಹೇಳ್ತಾ ಹೋದೆ. ಬ್ರಿಟಿಷರ ವಿರುದ್ಧ ಹೋರಾಡಿದ್ಲು, 1824, ಥ್ಯಾಕರೆ, ದತ್ತು ಮಗ ಅಂತ ಎಲ್ಲ ಪಟಪಟ ಹೇಳ್ದೆ. ಅವು ಬರ್ಕಂಡು ಹೋದ್ವು. ಮಾರನೇ ದಿನ ನಾಲ್ಕೂ ಪುಸ್ತಕದಲ್ಲಿ ಒಂದೇ ತರ ಕೆಂಪು ಗೀಟು. ಪ್ರಶ್ನೆ ಇದ್ದಿದ್ದು ಕೆಳದಿ ಚೆನ್ನಮ್ಮನ ಬಗ್ಗೆ, ನಾನು ಹೇಳಿದ್ದು ಕಿತ್ತೂರು ಚೆನ್ನಮ್ಮನ ಕಥೆ!

ನಾಚಿಕೆ ಆಗಿದ್ದು ತಪ್ಪು ಹೇಳಿದ್ದಕ್ಕಿಂತ ಜಾಸ್ತಿ ಇನ್ನೊಂದಕ್ಕೆ. ಈ ಮಕ್ಳು ಇರೋದು ಹೊಸನಗರ ತಾಲೂಕಲ್ಲಿ. ಕೆಳದಿ ಚೆನ್ನಮ್ಮ ಆಳಿದ್ದು ಬಿದನೂರಿಂದ, ಅಂದ್ರೆ ನಮ್ಮ ನಗರದಿಂದ, ಬಸ್ಸು ಹತ್ತಿದ್ರೆ ಅರ್ಧ ಗಂಟೇಲಿ ಕೋಟೆ ಬಾಗ್ಲಲ್ಲಿ ಇಳೀಬಹುದು. ಆ ಕೋಟೆಗೆ ಪ್ರತಿ ವರ್ಷ ಇವು ಟ್ರಿಪ್ ಹೋಗಿ ಕಲ್ಲು ಮೇಲೆ ಕೂತು ಚಿತ್ರಾನ್ನ ತಿಂದು ಬರ್ತಾವೆ. ಆದ್ರೂ ಒಂದು ಮಗೂನೂ ‘ಅಕ್ಕ, ನಮ್ಮ ರಾಣಿ ಕಾಲಕ್ಕೆ ಬ್ರಿಟಿಷರು ಎಲ್ಲಿ ಬಂದ್ರು’ ಅಂತ ಕೇಳ್ಲಿಲ್ಲ. ಹೇಳಿದ್ದನ್ನ ಬರ್ಕಂಡ್ವು, ಅಷ್ಟೇ. ಬರ್ಕಳದು ಅಂದ್ರೆ ಹೋಮ್‌ವರ್ಕು ಅಂತ ನಾವೇ ಕಲಿಸಿಟ್ಟಿದೀವಲ್ಲ.

ಮಾರನೇ ದಿನ ಹಂಡೆ ಗಿಂಡೆ ಎಲ್ಲ ಗಂಡನಿಗೆ ಒಪ್ಪಿಸಿ ಮಕ್ಳ ಜೊತೆ ಕೂತೆ. ಹಳೇ ಕ್ಯಾಲೆಂಡರ್ ಹಿಂದ್ಗಡೆ ಒಂದು ಉದ್ದ ಗೆರೆ ಎಳ್ದು ವರ್ಷ ಗುರುತು ಹಾಕ್ಸಿದೆ. ಶಿವಾಜಿ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸ್ಕಂಡು ಜಿಂಜಿ ಕಡೆ ಹೋಗ್ತಾ ಬಂದಾಗ ಚೆನ್ನಮ್ಮ ಆಶ್ರಯ ಕೊಟ್ಟಿದ್ದು 1689ರಲ್ಲಿ. ಹೈದರಾಲಿ ಬಿದನೂರು ತಗಂಡಿದ್ದು 1763. ಕಿತ್ತೂರಿನ ಯುದ್ಧ 1824. ‘ಈಗ ಹೇಳ್ರೋ, 1763ಕ್ಕೇ ರಾಜ್ಯ ಮುಗ್ದೋಗಿದ್ರೆ ಕೆಳದಿ ರಾಣಿ 1824ರಲ್ಲಿ ಯುದ್ಧ ಮಾಡಕ್ಕಾಗತ್ತಾ?’ ಅಂದೆ. ಒಬ್ಬ ಹುಡುಗ ಕಳೀತಾ ಕೂತಿದ್ದ, ತಲೆ ಎತ್ತಿ ‘ಅಕ್ಕ, 1689ಕ್ಕೂ 1824ಕ್ಕೂ ನೂರಾ ಮೂವತ್ತೈದು ವರ್ಷ ವ್ಯತ್ಯಾಸ ಇದೆ, ನೀವು ಒಳ್ಳೇ ಮೋಸ ಮಾಡಿದ್ರಿ’ ಅಂದ. ಆ ಬೈಗುಳ ಕೇಳಿ ನನಗೆ ಆದ ಖುಷಿ ಹೇಳಕ್ಕಾಗಲ್ಲ. ಅವತ್ತಿಂದ ನಮ್ಮ ಜಗಲಿಲಿ ಒಂದೇ ರೂಲು, ಅಕ್ಕ ಹೇಳಿದ್ದನ್ನ ಒಂದ್ಸಲನಾದ್ರೂ ಅನುಮಾನ ಪಡದೆ ಬರ್ಕಳಂಗಿಲ್ಲ.

ಈಗ ನೀವು ಕೊಡೋ ಹೋಮ್‌ವರ್ಕಿನ ವಿಷ್ಯಕ್ಕೆ ಬರ್ತೀನಿ, ಬೇಜಾರ್ ಮಾಡ್ಕಬೇಡಿ. ‘ಕಾಗೋಡು ಸತ್ಯಾಗ್ರಹದ ಬಗ್ಗೆ ಐದು ವಾಕ್ಯ ಬರೆಯಿರಿ’ ಅಂತ ಒಂದು ಪ್ರಶ್ನೆ ಬರತ್ತೆ. ಐದು ವಾಕ್ಯ ಗೈಡಲ್ಲಿ ರೆಡಿ ಇದೆ, 1951, ಸಾಗರ ತಾಲೂಕು, ಗೇಣಿದಾರರು, ಲೋಹಿಯಾ ಬಂದು ಬಂಧನ ಆದ್ರು, ಉಳುವವನೇ ಹೊಲದೊಡೆಯ. ಮುಗೀತು, ಹತ್ತು ನಿಮಿಷ. ನಮ್ಮಲ್ಲಿ ಒಬ್ಬ ಎಂಟನೇ ಕ್ಲಾಸಿನ ಹುಡುಗ ಇದಾನೆ, ಅವನಿಗೆ ಶೇಕಡಾ ಅಂದ್ರೆ ಸಾಕು ಹೊಟ್ಟೆ ನೋವು ಬರತ್ತೆ. ಅವನಿಗೆ ನಾನು ಅಟ್ಟದಿಂದ ನಮ್ಮ ಮಾವನ ಕಾಲದ ಕೊಳಗ ಇಳಿಸಿ ತೋರ್ಸಿದೆ. ಕೊಳಗ ಅಂದ್ರೆ ಭತ್ತ ಅಳೆಯೋದು, ಈಗಿನ ಮಕ್ಳು ನೋಡಿಲ್ಲ, ಡಸ್ಟ್‌ಬಿನ್ನಾ ಅಕ್ಕ ಅಂತ ಕೇಳಿದ್ವು. ಗೇಣಿ, ಅಂದ್ರೆ ಉಳೋರು ಭೂಮಿ ಒಡೇರಿಗೆ ಕೊಡೋ ಭತ್ತ, ಅಳೆಯೋವಾಗ ಒಡೇರು ಇಟ್ಟಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಅನ್ನೋದೇ ಕಾಗೋಡಿನ ಜಗಳದಲ್ಲಿ ಒಂದು ದೊಡ್ಡ ವಿಷ್ಯ ಆಗಿತ್ತು. ನಾನು ಲೆಕ್ಕಕ್ಕೆ ಅಂತ ನಂದೇ ಅಂಕಿ ಹಾಕ್ದೆ. ಗೇಣಿ ಇಪ್ಪತ್ತು ಕೊಳಗ, ಸರಿಯಾದ ಕೊಳಗಕ್ಕೆ ಮೂರು ಸೇರು, ಒಡೇರ ಕೊಳಗಕ್ಕೆ ನಾಲ್ಕು ಸೇರು ಅಂತ ಇಟ್ಕ, ಈಗ ಎಷ್ಟು ಜಾಸ್ತಿ ಹೋಯ್ತು ಹೇಳು.

ಅವನು ಅರವತ್ತು ಸೇರು ಬರ್ದ, ಎಂಬತ್ತು ಸೇರು ಬರ್ದ, ಕಳ್ದು ಇಪ್ಪತ್ತು ಅಂದ. ಶೇಕಡಾ ಎಷ್ಟು ಅಂದೆ. ಸುಮ್ನೆ ಕೂತ. ‘ಅರವತ್ತು ಕೊಡಬೇಕಾಗಿದ್ದಕ್ಕೆ ಇಪ್ಪತ್ತು ಜಾಸ್ತಿ ಕೊಟ್ಟ, ನೂರು ಕೊಡಬೇಕಾಗಿದ್ರೆ?’ ಅಂದೆ. ಬೆರಳು ಮಡಚಿದ, ಬಿಚ್ಚಿದ, ಮೂವತ್ಮೂರು ಚಿಲ್ರೆ ಅಂದ. ಆಮೇಲೆ ಅವನಿಗೇ ಸಿಟ್ಟು ಬಂತು, ‘ಕೊಳಗದ ಸಂಖ್ಯೆ ಅಷ್ಟೇ ಇದೆ ಅಕ್ಕ, ಇಪ್ಪತ್ತು ಅಂದ್ರೆ ಇಪ್ಪತ್ತೇ, ಪಾತ್ರೆನೇ ದೊಡ್ಡದು ಮಾಡಿದಾರೆ, ಇದು ಕಳ್ಳತನ’ ಅಂದ. ಅಷ್ಟೊತ್ತಿಗೆ ಅವನ ಅಜ್ಜ ಕರ್ಕಂಡು ಹೋಗಕ್ಕೆ ಬಂದಿದ್ರು, ಅಂಗಳದಲ್ಲೇ ನಿಂತು ಕೇಳಿಸ್ಕಂಡ್ರು. ಬಾಯಲ್ಲಿದ್ದ ಎಲೆಅಡಿಕೆ ಕವಳ ಉಗಿದು ಬಂದು ಜಗಲಿ ತುದೀಲಿ ಕೂತ್ರು. ತಮ್ಮ ಅಪ್ಪ 1974ರ ಭೂಸುಧಾರಣೆ ಕಾನೂನು ಬಂದ್ಮೇಲೆ ಉಳೋ ಗದ್ದೆ ತಮಗೇ ಸೇರಬೇಕು ಅಂತ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಶನ್ ಹಾಕಿದ್ದು, ಒಡೇರ ಮನೆ ಮುಂದೆ ಹಾದು ಹೋಗಕ್ಕೆ ಹೆದರಿ ಆರು ತಿಂಗ್ಳು ಗದ್ದೆ ಬದಿಯಿಂದ ಸುತ್ತು ಹಾಕ್ಕಂಡು ಓಡಾಡಿದ್ದು ಎಲ್ಲ ಹೇಳಿದ್ರು. ಮೊಮ್ಮಗ ಬಾಯಿ ಬಿಟ್ಕಂಡು ಕೂತಿದ್ದ. ಅವನ ಪುಸ್ತಕದಲ್ಲಿ ಅವತ್ತು ಐದಲ್ಲ, ಇಪ್ಪತ್ತೆರಡು ವಾಕ್ಯ ಇತ್ತು, ಸ್ಪೆಲ್ಲಿಂಗ್ ತಪ್ಪು ಎಣಿಸಕ್ಕಾಗಲ್ಲ ಆ ಮಾತು ಬೇರೆ. ಮಾರನೇ ದಿನ ಮೇಡಂ ‘ಐದು ವಾಕ್ಯ ಸಾಕು’ ಅಂತ ಬರ್ದು ಸೈನ್ ಹಾಕಿದ್ರು.

ನಾನು ಆ ಮೇಡಂನ ದೂರಲ್ಲ. ಅವ್ರಿಗೆ ಮೂರು ಕ್ಲಾಸು ಒಬ್ರೇ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಟ್ರೈನಿಂಗು, ಸಮೀಕ್ಷೆ, ಯಾವಾಗ ಓದ್ತಾರೆ ಇಪ್ಪತ್ತೆರಡು ವಾಕ್ಯ? ಅದಕ್ಕೇ ಹೇಳ್ತಿರೋದು, ಇದು ಒಬ್ಬ ಟೀಚರ್ ಕೈಲಿ ಆಗೋ ಕೆಲ್ಸ ಅಲ್ಲ.

ಕನ್ನಡದ ಕಥೆ ಕೇಳಿ. ನಾನು ಲೆಕ್ಕದೋಳು, ಛಂದಸ್ಸು ಅಂದ್ರೆ ನನಗೇ ಚಳಿ ಬರತ್ತೆ. ಹೈಸ್ಕೂಲ್ ಮಕ್ಳು ‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯಿರಿ’ ಅಂತ ತಂದಾಗ ಮೊದ್ಲೆಲ್ಲ ನಾಳೆ ನೋಡೋಣ ಅಂತ ತಳ್ಳಿದ್ದೇ. ಆಮೇಲೆ ಅವ್ರ ಪುಸ್ತಕನೇ ತಗಂಡು ರಾತ್ರಿ ಕೂತು ಓದಿದೆ. ಓದಿದ್ರೆ ಎಂತ ಇದೆ ಮಾರಾಯ್ರೆ, ಬರೀ ಎಣಿಕೆ! ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ, ಉದ್ದದ್ದು ಗುರು, ಅದಕ್ಕೆ ಎರಡು. ದೀರ್ಘ ಇದ್ರೆ ಗುರು, ಸೊನ್ನೆ ಇದ್ರೆ ಗುರು, ಮುಂದೆ ಒತ್ತಕ್ಷರ ಇದ್ರೆ ಹಿಂದಿಂದು ಗುರು. ಮಂಡಿಲಿ ಕ್ವಿಂಟಾಲ್ ಎಣಿಸ್ದೋಳಿಗೆ ಇದೆಂತ ಕಷ್ಟ.

ಮಾರನೇ ದಿನ ಹಳಗನ್ನಡ ಪದ್ಯ ಪಕ್ಕಕ್ಕಿಟ್ಟು ಮಕ್ಳಿಗೆ ನಮ್ಮ ಜಿಲ್ಲೆಯ ಏಳು ತಾಲೂಕಿನ ಹೆಸ್ರಿಗೆ ಪ್ರಸ್ತಾರ ಹಾಕ್ಸಿದೆ. ಸೊರಬ ಮೂರು ಮಾತ್ರೆ, ಸಾಗರ ನಾಲ್ಕು. ಹೊಸನಗರ ಐದೂ ಲಘು, ಬಾಯಲ್ಲಿ ಹೇಳಿದ್ರೆ ಕಲ್ಲು ಮೇಲಿಂದ ಗೋಲಿ ಉರುಳ್ದಂಗೆ. ಶಿವಮೊಗ್ಗನೂ ಐದೇ, ಆದ್ರೆ ಮೊ ಹತ್ರ ಬಂದು ಕಾಲೂರತ್ತೆ. ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ ಮೂರಕ್ಕೂ ಆರಾರು. ಹೊಸನಗರ ದೊಡ್ಡದಾ ಶಿವಮೊಗ್ಗ ದೊಡ್ಡದಾ ಅಂತ ಜಗಳ ಬೇರೆ, ಎರಡೂ ಸಮ ಅಂತ ಗೊತ್ತಾದಾಗ ನಮ್ಮ ಹುಡುಗ್ರು ಚಪ್ಪಾಳೆ ಹೊಡದ್ರು. ಆಮೇಲೆ ಒಬ್ಳು ಹುಡುಗಿ, ಒಂಬತ್ತನೇ ಕ್ಲಾಸು, ಮಾತೇ ಆಡಲ್ಲ ಯಾವತ್ತೂ, ಅವಳು ಮೆಲ್ಲಗೆ ‘ಅಕ್ಕ, ಸೊರಬ ಸಾಗರ ಅಂದ್ರೆ ಮೂರು ನಾಲ್ಕು, ಇದು ಭಾಮಿನಿ ಅಲ್ವ?’ ಅಂದ್ಲು. ನನ್ನ ಮೈ ಜುಂ ಅಂತು. ಹೌದಲ್ಲ, ಭಾಮಿನಿ ಷಟ್ಪದಿ ಅಂದ್ರೆ ಮೂರು ನಾಲ್ಕು ಮೂರು ನಾಲ್ಕು ಅಂತಾನೇ ನಡೆಯೋದು, ಮೂರನೇ ಸಾಲಿಗೂ ಆರನೇ ಸಾಲಿಗೂ ಇನ್ನೊಂದು ಮೂರು ನಾಲ್ಕು ಸೇರಿಸಿ ಕೊನೆಗೊಂದು ಗುರು. ಆರೂ ಸಾಲು ಕೂಡಿದ್ರೆ ನೂರಾ ಎರಡು ಮಾತ್ರೆ. ಆಮೇಲೆ ಅರ್ಧ ಗಂಟೆ ಮಕ್ಳೆಲ್ಲ ಸೇರಿ ಬೆರಳು ಮಡಚ್ಕಂಡು ಮಡಚ್ಕಂಡು ಕಟ್ಟಿದ್ದು ಇದು:

ಸೊರಬ ಸಾಗರ ಬಸ್ಸು ಬಂದಿತು
ಹತ್ತು ನಿಮಿಷದ ಲೇಟು ಆಯಿತು
ಕೊಡೆಯ ಮರೆತೆನು ಮಳೆಯು ಸುರಿಯಿತು ಮನೆಗೆ ಓಡುವೆ ನಾ

ಅರ್ಧ ಷಟ್ಪದಿ. ಆದಿಪ್ರಾಸ ಇಲ್ಲ, ಪಂಡಿತರು ಕ್ಷಮಿಸ್ಬೇಕು. ಆದ್ರೆ ಮಾತ್ರೆ ಎಣಿಸಿ ನೋಡಿ, ಒಂದೂ ಹೆಚ್ಚುಕಮ್ಮಿ ಇಲ್ಲ. ‘ಲೇಟು’ ಅನ್ನೋದು ಇಂಗ್ಲಿಷು, ಬರಬಹುದಾ ಅಂತ ಜಗಳ ಆಯ್ತು, ಮೂರು ಮಾತ್ರೆ ಇದ್ರೆ ಬರಬಹುದು ಅಂತ ತೀರ್ಮಾನ ಆಯ್ತು. ಉಳಿದ ಮೂರು ಸಾಲು ಇನ್ನೂ ಆಗಿಲ್ಲ, ಬಸ್ಸು ಘಾಟಿಲಿ ಕೆಟ್ಟು ನಿಲ್ಲಬೇಕಾ ಬೇಡ್ವಾ ಅಂತ ಒಮ್ಮತ ಬಂದಿಲ್ಲ.

ಅದೇ ವಾರ ಇನ್ನೊಂದು ನೋಡಿದೆ. ಅಕ್ಕಮಹಾದೇವಿ ವಚನದ ಸಾರಾಂಶ ಬರೀಬೇಕಿತ್ತು. ಅಕ್ಕ ಹುಟ್ಟಿದ ಉಡುತಡಿ ನಮ್ಮ ಜಿಲ್ಲೇದೇ, ಶಿಕಾರಿಪುರ ತಾಲೂಕು, ಅಲ್ಲಮನ ಬಳ್ಳಿಗಾವೆನೂ ಅದೇ ತಾಲೂಕು. ಒಬ್ಳು ಹುಡುಗಿ ಅಪ್ಪನ ಮೊಬೈಲಲ್ಲಿ ಪ್ರಶ್ನೆ ಫೋಟೊ ಹೊಡ್ದು ಎಐ ಹತ್ರ ಕೇಳಿ ಒಂದು ಪುಟ ನೀಟಾಗಿ ಬರ್ಕಂಡು ಬಂದಿದ್ಲು. ಓದು ಅಂದೆ. ‘ಪ್ರತಿಪಾದಿಸುತ್ತದೆ’ ಹತ್ರ ನಿಂತೋಯ್ತು ಗಾಡಿ. ಪ್ರತಿ… ಪಾದ… ಅಂತಾಳೆ. ತಾನೇ ಬರ್ದಿದ್ದು ತನಗೇ ಓದಕ್ಕೆ ಬರಲ್ಲ! ಮೊಬೈಲನ್ನ ಬೈಯಲ್ಲ ನಾನು, ನಾನೂ ರಾತ್ರಿ ಅದ್ರಲ್ಲೇ ನೋಡೋದು ಎಷ್ಟೋ ಸಲ. ಆದ್ರೆ ಆ ಪುಟಕ್ಕೆ ಶಾಲೇಲಿ ‘ಗುಡ್’ ಸಿಕ್ತು, ನಮ್ಮ ಜಗಲಿಲಿ ಕೂತು ‘ಅಕ್ಕಮಹಾದೇವಿ ಮನೆ ಬಿಟ್ಟು ಹೋಗಿದ್ದಾಳೆ, ಭಯ ಆಗಿರಲ್ವ ಅವಳಿಗೆ’ ಅಂತ ತನ್ನದೇ ಮಾತಲ್ಲಿ ನಾಲ್ಕೇ ಸಾಲು ಬರ್ದ ಇನ್ನೊಂದು ಹುಡುಗಿಗೆ ‘ವಿವರವಾಗಿ ಬರೆ’ ಅಂತ ವಾಪಸ್ ಬಂತು. ಈ ಎರಡರಲ್ಲಿ ಯಾವುದು ಹೋಮ್‌ವರ್ಕು, ನೀವೇ ಹೇಳಿ.

ಲೆಕ್ಕಕ್ಕೆ ಬಂದ್ರೆ, ಮಕ್ಳಿಗೆ ಲೆಕ್ಕ ಬರಲ್ಲ ಅನ್ನೋದು ಶುದ್ಧ ಸುಳ್ಳು. ಅನುಪಾತದ ಲೆಕ್ಕ ಬರಲ್ಲ ಅಂತ ತಲೆ ಕೆರ್ಕಳೋ ಹುಡುಗನ್ನ ‘ನಿಮ್ಮಪ್ಪ ಇನ್ನೂರು ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು ಹಾಕ್ತಾರೆ’ ಅಂತ ಕೇಳಿ. ಎರಡು ಕೆಜಿ, ಸುಣ್ಣನೂ ಎರಡು ಕೆಜಿ ಅಂತ ತಲೆನೂ ಎತ್ತದೆ ಹೇಳ್ತಾನೆ. ನೂರು ಲೀಟರಿಗೆ ಒಂದೊಂದು ಕೆಜಿ, ಅದೇ ಕೊಳೆ ರೋಗಕ್ಕೆ ಅಂತ ಅಡಿಕೆಗೆ ಹೊಡೆಯೋ ಶೇಕಡಾ ಒಂದರ ಬೋರ್ಡೋ ದ್ರಾವಣ. ಕೊಳೆ ರೋಗ ಬಂದ್ರೆ ಮನೇಲಿ ಆ ವರ್ಷ ಹೊಸ ಬಟ್ಟೆ ಇಲ್ಲ ಅಂತ ಗೊತ್ತಿರೋ ಮಗು ಈ ಅನುಪಾತ ಮರೆಯತ್ತಾ? ಒಂಬತ್ತಡಿ ಅಂತರದಲ್ಲಿ ಗಿಡ ಇಟ್ರೆ ಎಕರೆಗೆ ಎಷ್ಟು ಅಡಿಕೆ ಗಿಡ ಅಂತ ಕೇಳಿ, 43,560 ಚದರಡಿನ 81ರಿಂದ ಭಾಗಿಸಿ ಐನೂರ ಮೂವತ್ತೇಳು ಚಿಲ್ರೆ ತಂದು ‘ಅಕ್ಕ ನಮ್ಮಪ್ಪ ಐನೂರೈವತ್ತು ಅಂತಾರೆ, ಬದಿಗೂ ಇಟ್ಟಿರ್ತಾರೆ’ ಅಂತ ನಿಮಗೇ ಪಾಠ ಹೇಳ್ತಾವೆ.

ಹತ್ತನೇ ಕ್ಲಾಸಿನ ತ್ರಿಕೋನಮಿತಿಗೆ ಅಡಿಕೆ ಮರದ ಎತ್ತರ ನೆರಳಲ್ಲಿ ಅಳೆಸೋಣ ಅಂತ ಹೋಗಿ ನಾನೇ ಬೇಸ್ತು ಬಿದ್ದೆ, ತೋಟದೊಳಗೆ ಎಲ್ಲಾ ನೆರಳೇ, ಯಾವ ಮರದ್ದು ಯಾವ ನೆರಳು ಗೊತ್ತಾಗಲ್ಲ. ಕೊನೆಗೆ ಶಾಲೆ ಧ್ವಜಸ್ತಂಭಕ್ಕೆ ಹೋದ್ವಿ. ಒಂದು ಹುಡುಗಿನ ಬಿಸಿಲಲ್ಲಿ ನಿಲ್ಸಿ ಅವಳ ನೆರಳು ಅವಳಷ್ಟೇ ಉದ್ದ ಆಗೋ ತನಕ ಕಾಯದು, ಆ ಕ್ಷಣಕ್ಕೆ ಕಂಬದ ನೆರಳು ಅಳೆಯದು, ಅದೇ ಕಂಬದ ಎತ್ತರ. ಟ್ಯಾನ್ 45 ಅಂದ್ರೆ ಒಂದು ಅನ್ನೋದು ಅವ್ರಿಗೆ ಅವತ್ತು ನೆಲದ ಮೇಲೆ ಕಾಣ್ತು. ಆದ್ರೆ ಈ ಪಾಠ ಜೂನಿಂದ ಸೆಪ್ಟೆಂಬರ್ ತನಕ ನಮ್ಮೂರಲ್ಲಿ ಮಾಡಕ್ಕಾಗಲ್ಲ, ಸೂರ್ಯ ರಜೆ ಹಾಕಿರ್ತಾನೆ.

ಇನ್ನೊಂದು ಹೇಳದೆ ಇದ್ರೆ ನನಗೆ ನಿದ್ದೆ ಬರಲ್ಲ. ಮಳೆಗಾಲದಲ್ಲಿ ಪೇಪರಲ್ಲಿ ದಿನಾ ಬರತ್ತಲ್ಲ, ಲಿಂಗನಮಕ್ಕಿ ಡ್ಯಾಮಿನ ಗರಿಷ್ಠ ಮಟ್ಟ 1819 ಅಡಿ, ಇವತ್ತಿನ ಮಟ್ಟ ಇಷ್ಟು ಅಂತ. ಆರನೇ ಕ್ಲಾಸಿನ ಒಬ್ಬ ‘ಅಕ್ಕ, ಜೋಗನೇ 830 ಅಡಿ, ಡ್ಯಾಮು ಅದ್ರ ಡಬಲ್‌ಗಿಂತ ಆಳ ಇದೆಯಾ, ಮುಳುಗಿದ ಊರೆಲ್ಲ ಅಷ್ಟು ಕೆಳಗಿದಾವಾ’ ಅಂತ ಕೇಳಿದ. ಎಷ್ಟು ಒಳ್ಳೇ ಪ್ರಶ್ನೆ ನೋಡಿ. ಅದು ಆಳ ಅಲ್ಲ ಮಗಾ, ಸಮುದ್ರ ಮಟ್ಟದಿಂದ ಲೆಕ್ಕ, ನಮ್ಮನೆ ಅಂಗಳನೂ ಸಮುದ್ರದಿಂದ ಸುಮಾರು ಎತ್ತರದಲ್ಲೇ ಇದೆ ಅಂತ ಹೇಳೋಷ್ಟರಲ್ಲಿ ನಮ್ಮ ಅತ್ತೆ ಒಳಗಿಂದ ಎದ್ದು ಬಂದ್ರು. ಅವ್ರ ತವ್ರು ಮನೆ ಮುಳುಗಡೆಲಿ ಹೋಗಿದ್ದು, ಡ್ಯಾಮ್ ಮುಗಿದಿದ್ದು 1964, ಆಗ ಅವ್ರಿಗೆ ಹನ್ನೆರಡು ವರ್ಷ. ಕೊಟ್ಟಿಗೆ ಹಂಚು ಇಳಿಸಿದ್ದು, ಲಾರಿಲಿ ಬಾಣಲೆ ಬೀಸೋಕಲ್ಲು ಎಲ್ಲ ಹೇರಿದ್ದು, ಮುದಿ ಎಮ್ಮೆ ಒಂದು ಲಾರಿ ಹತ್ತದೆ ಹಿಂದಕ್ಕೇ ಓಡಿದ್ದು ಎಲ್ಲ ಹೇಳಿದ್ರು. ಆ ಎಮ್ಮೆ ಎಂತ ಆಯ್ತು ಅಜ್ಜಿ ಅಂತ ಮಕ್ಳು ಇವತ್ತಿಗೂ ಕೇಳ್ತಾವೆ, ಅವ್ರು ಮಾತು ಮರೆಸಿ ಎದ್ದು ಹೋಗ್ತಾರೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಉಪಯೋಗ ಪಟ್ಟಿ ಮಾಡಿ ಅಂತಿದೆ. ಮಾಡ್ತಾವೆ ಪಟ್ಟಿ, ಅದೂ ಬೇಕು. ಆ ಎಮ್ಮೆ ಕಥೆ ಯಾವ ಕಾಲಮ್ಮಿಗೆ ಹಾಕದು ಅಂತ ಆ ಹುಡುಗ ಕೇಳ್ದ.

ಈಗ ನನ್ನ ಅಹವಾಲು. ನಮ್ಮ ಪಂಚಾಯಿತಿಗೆ ಒಂದು ಗ್ರಂಥಾಲಯ ಇದೆ, ಅರಿವು ಕೇಂದ್ರ ಅಂತ ಬೋರ್ಡು ಹೊಸದಾಗಿ ಬಿದ್ದಿದೆ. ಪಂಚಾಯಿತಿ ಹೆಸ್ರು ಹೇಳಲ್ಲ, ಅಲ್ಲಿರೋರು ಒಳ್ಳೇರೇ, ಅವ್ರಿಗೆ ಕೊಡೋ ಸಂಬಳದಲ್ಲಿ ನಾನಾದ್ರೆ ಅಷ್ಟೂ ಮಾಡ್ತಿರಲಿಲ್ಲ. 2020ರಲ್ಲಿ ಓದುವ ಬೆಳಕು ಅಂತ ಸರ್ಕಾರದ ಕಾರ್ಯಕ್ರಮ ಶುರುವಾದಾಗ ಮಕ್ಳಿಗೆಲ್ಲ ಫ್ರೀ ಮೆಂಬರ್‌ಶಿಪ್ ಕೊಟ್ರು, ಕಾರ್ಡು ಬಂತು, ಮಕ್ಳು ಅದನ್ನ ಜಾಮಿಟ್ರಿ ಬಾಕ್ಸಲ್ಲಿ ಇಟ್ಕಂಡಿದಾವೆ. ಒಳಗೆ ಕಂಪ್ಯೂಟರ್ ಇದೆ, ನಿಘಂಟು ಇದೆ, ಮಕ್ಳ ಕಥೆ ಪುಸ್ತಕ ಎರಡು ಕಪಾಟು ತುಂಬ ಇದೆ, ಫ್ಯಾನು ಲೈಟು ಎಲ್ಲ ಇದೆ. ಎಲ್ಲಾ ಇದೆ ಸ್ವಾಮಿ. ಬಾಗ್ಲು ಹಾಕೋದು ಐದು ಗಂಟೆಗೆ. ಹೈಸ್ಕೂಲ್ ಮಕ್ಳ ಬಸ್ಸು ಬಂದು ನಿಲ್ಲೋದು ಐದೂಕಾಲಿಗೆ. ಬಸ್ಸಿಳಿದು ಆ ಬೀಗದ ಮುಂದೇನೇ ಹಾದು ನಮ್ಮನೆಗೆ ಬರ್ತಾವೆ. ಸ್ಲೇಟಿನಷ್ಟು ಅಗಲದ ನಮ್ಮ ಜಗಲಿಲಿ ಹದಿನಾಲ್ಕು ಜನ, ಆ ದೊಡ್ಡ ಹಾಲಲ್ಲಿ ಹಲ್ಲಿಗಳು!

ಮನೇಲೇ ಕೂತು ಮಾಡ್ಲಿ ಅಂದ್ರೆ, ಅಪ್ಪ ಅಮ್ಮ ಇಬ್ರೂ ಕೂಲಿಗೆ ಹೋಗಿ ಕತ್ಲಾದ್ಮೇಲೆ ಬರೋ ಮನೆಗಳು ಇದಾವೆ, ಬಂದ್ರೂ ಲಘು ಗುರು ಹೇಳ್ಕೊಡಿ ಅಂತ ಅವ್ರನ್ನ ಕೇಳಕ್ಕಾಗತ್ತಾ? ಪೇಟೆಲಾದ್ರೆ ಟ್ಯೂಷನ್ ಇದೆ. ಇಲ್ಲಿ ಟ್ಯೂಷನ್ ಅಂದ್ರೆ ಹನ್ನೆರಡು ಕಿಲೋಮೀಟರ್, ವಾಪಸ್ ಬರಕ್ಕೆ ಬಸ್ಸಿಲ್ಲ.

ಮತ್ತೊಂದು ಮಾತು, ಇದು ಮೇಷ್ಟ್ರುಗಳಿಗೆ. ದಯವಿಟ್ಟು ಹೋಮ್‌ವರ್ಕನ್ನ ಶಾಲೇಲೇ ಡೈರಿಲಿ ಬರೆಸಿ ಕಳಿಸಿ. ರಾತ್ರಿ ಏಳು ಗಂಟೆಗೆ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ನಮ್ಮ ಕಡೆ ಮಕ್ಳು ಟಾರ್ಚ್ ಹಿಡ್ಕಂಡು ಗುಡ್ಡದ ಮೇಲಿನ ಗೇರು ಮರದ ಹತ್ರ ಹೋಗ್ಬೇಕು, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಬರೋದು. ಕೊರೊನಾ ಟೈಮಲ್ಲಿ ಕೊಡೆ ಹಿಡ್ಕಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದ ಮಕ್ಳ ಫೋಟೊ ಎಲ್ಲಾ ಕಡೆ ಓಡಾಡ್ತು, ಎಲ್ರೂ ಅಯ್ಯೋ ಪಾಪ ಅಂದ್ರು, ಗೇರು ಮರ ಇನ್ನೂ ಅಲ್ಲೇ ಇದೆ. ಇನ್ನು ಆ ಕಲರ್ ಪ್ರಿಂಟಿನ ಪ್ರಾಜೆಕ್ಟ್‌ಗಳು. ಹೊಯ್ಸಳ ದೇವಸ್ಥಾನದ ಚಿತ್ರ ಅಂಟಿಸ್ಕಂಡು ಬಾ ಅಂದ್ರೆ ಅದಕ್ಕೆ ಪೇಟೆಗೆ ಹೋಗಿ ಬರೋ ಬಸ್ ಚಾರ್ಜು ಯಾರ ಜೇಬಿಂದ ಹೋಗತ್ತೆ ಗೊತ್ತಲ್ಲ. ಬರ್ಕಂಡು ಬಾ ಅನ್ನಿ, ಬಿಡಿಸ್ಕಂಡು ಬಾ ಅನ್ನಿ, ವಕ್ರ ಆಗಿದ್ರೂ ಪರ್ವಾಗಿಲ್ಲ.

2020ರ ಸ್ಕೂಲ್ ಬ್ಯಾಗ್ ಪಾಲಿಸಿಲಿ ಎರಡನೇ ಕ್ಲಾಸ್ ತನಕ ಹೋಮ್‌ವರ್ಕೇ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಎರಡೇ ಗಂಟೆ ಅಂತೆಲ್ಲ ಬರ್ದಿದಾರೆ. ನಾನು ಅದನ್ನ ಹಿಡ್ಕಂಡು ಜಗಳಕ್ಕೆ ಬರಲ್ಲ. ಜಾಸ್ತಿ ಕಮ್ಮಿ ಅನ್ನೋದಕ್ಕಿಂತ ಎಂಥದ್ದು ಅನ್ನೋದು ನನ್ನ ತಕರಾರು. ವಾರಕ್ಕೆ ಒಂದೇ ಒಂದು ಪ್ರಶ್ನೆ ಗೈಡಲ್ಲಿ ಇಲ್ದೇ ಇರೋದು ಕೊಡಿ, ಮನೇಲಿ ಅಜ್ಜನ್ನೋ ಅಜ್ಜಿನ್ನೋ ಕೇಳಿ, ಅಳ್ದು, ಎಣಿಸಿ ಬರೀಬೇಕಾದ್ದು. ಶಿಕಾರಿಪುರ ತಾಲೂಕಿನ ಈಸೂರಿನ ಪಾಠ ಇದೆ ಅಂತ ಇಟ್ಕಳಿ. 1942ರಲ್ಲಿ ಊರೋರು ಸ್ವತಂತ್ರ ಅಂತ ಘೋಷಣೆ ಮಾಡ್ಕಂಡು ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್‌ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ರು. ಇಸವಿ ಬರ್ಸಿ, ಗಲ್ಲಿಗೇರಿದ ಐದು ಜನರ ಹೆಸ್ರು ಬರ್ಸಿ, ಅದು ಬೇಕೇ ಬೇಕು. ಅದ್ರ ಕೆಳಗೆ ‘ನಿನ್ನನ್ನ ಅಮಲ್ದಾರ ಮಾಡಿದ್ರೆ ಮೊದಲನೇ ಆರ್ಡರ್ ಎಂತ ಹೊರಡಿಸ್ತೀಯ’ ಅಂತ ಒಂದು ಸಾಲು ಸೇರಿಸಿ ಕೊಡಿ. ನಾನು ಕೇಳಿ ನೋಡಿದೀನಿ. ಒಬ್ಬ ಎದ್ದು ನಿಂತು, ಬಸ್ಸು ಐದಕ್ಕೆ ಮುಂಚೆ ಬರ್ಬೇಕು, ಇಲ್ಲಾ ಲೈಬ್ರರಿ ಐದರ ಮೇಲೂ ತೆಗ್ದಿರ್ಬೇಕು ಅಂತ ಆರ್ಡರ್ ಹೊರಡಿಸಿದ.

ಬಸ್ಸು ನಿಮ್ಮ ಕೈಲಿಲ್ಲ ಅಂತ ಗೊತ್ತು. ಬೀಗ ನಿಮ್ಮ ಕೈಲಿದೆ. ಸಂಜೆ ಐದರಿಂದ ಏಳೂವರೆ ತನಕ, ವಾರಕ್ಕೆ ಐದು ದಿನ. ಈಗಿರೋರಿಗೇ ಜಾಸ್ತಿ ಕೆಲ್ಸ ಹೇರಬೇಡಿ, ಕೊಡೋದಾದ್ರೆ ಅದಕ್ಕೆ ಬೇರೆ ದುಡ್ಡು ಕೊಡಿ. ಇಲ್ಲಾಂದ್ರೆ ಊರಲ್ಲೇ ಜನ ಇದೀವಿ. ರಿಟೈರ್ ಆದ ಒಬ್ರು ಮೇಷ್ಟ್ರು ಇದಾರೆ, ಹಳಗನ್ನಡ ಅಂದ್ರೆ ಊಟ ಬಿಡ್ತಾರೆ. ಡಿಗ್ರಿ ಮುಗಿಸಿ ಕೆಲ್ಸ ಹುಡುಕ್ತಿರೋ ಹುಡುಗಿ ಒಬ್ಳು ಇದಾಳೆ. ಅಂಗಳದಲ್ಲಿ ಕವಳ ಹಾಕ್ಕಂಡು ಕೂರೋ ಅಜ್ಜ ಇದಾರೆ, ಅವ್ರು ಕಾಗೋಡಿನ ಪಾಠಕ್ಕೆ. ಲೆಕ್ಕಕ್ಕೆ ನಾನು. ಪಂಚಾಯಿತಿಲಿ ಒಂದು ಠರಾವು ಮಾಡಿ, ರಿಜಿಸ್ಟರ್ ಇಡಿ, ಯಾರು ಬಂದ್ರು ಹೋದ್ರು ಬರೆಸಿ, ಕಪಾಟಿನ ಪುಸ್ತಕ ಒಂದು ಕಳೆದ್ರೂ ನನ್ನ ಹೆಸ್ರಲ್ಲಿ ಬರ್ಕಳಿ.

ಕೀ ಒಂದು ಡೂಪ್ಲಿಕೇಟ್ ಮಾಡ್ಸಿ ನಮ್ಮನೆಗೆ ಕಳಿಸಿದ್ರೂ ಆಯ್ತು. ಐದೂಕಾಲಿಗೆ ಬಸ್ಸಿನ ಸದ್ದು ಕೇಳ್ತಿದ್ದಂಗೆ ತೆಗೀತೀನಿ, ಏಳೂವರೆಗೆ ಕಸ ಗುಡಿಸಿ ಹಾಕ್ತೀನಿ. ಕರೆಂಟ್ ಹೋಗೋದಂತೂ ಗ್ಯಾರಂಟಿ, ಅದಕ್ಕೆ ನಮ್ಮನೆ ಸೋಲಾರ್ ಲೈಟ್ ತರ್ತೀನಿ. ಅಡಿಕೆ ಸುಲಿಯೋ ಹದಿನೈದು ದಿನ ಮಾತ್ರ ನನ್ನ ಕೇಳಬೇಡಿ, ಆಗ ಮೇಷ್ಟ್ರು ನೋಡ್ಕಳ್ತಾರೆ, ಮಾತಾಡಿ ಆಗಿದೆ.

ಇಂತಿ,
ಹೊಸನಗರ ತಾಲೂಕಿನ ಒಂದು ಜಗಲಿಯಿಂದ
ಮಕ್ಳು ‘ಲೆಕ್ಕದಕ್ಕ’ ಅಂತ ಕರೆಯೋಳು